ಋಣವೂ ಹಂಗೂ

೧

ಉದ್ಯೋಗವನ್ನು ಸಂಪಾದಿಸುವ ಬಗೆಯನ್ನು ಬೋಧಿಸುವವರು ಲೋಕದಲ್ಲಿ ಬಹುಮಂದಿ ಇರುವರು. ಸಂಪಾದಿಸಿದ ಉದ್ಯೋಗವನ್ನು ಬಿಡತಕ್ಕ ಕಾಲ ಯಾವುದೆಂಬುದನ್ನು ವಿಚಾರಮಾಡಿ ಹೇಳುವವರು ವಿರಳ. ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಸಿಹಿಯಡಿಗೆಯಾಗುವುದು; ದೇವರಿಗೆ ಕಾಯಿ ಒಡೆಯುವರು; ನೆಂಟರು ಬಂದು ಹರಸುವರು. ಅದೇ ಕೆಲಸವನ್ನು ಬಿಟ್ಟ ದಿನ ಮನೆಯವರು ಬಾಗಿಲನ್ನು ಮುಂದಕ್ಕೆಳೆದುಕೊಂಡು ಮೆಲ್ಲಗೆ ಮಾತನಾಡುವರು. ಬಿಟ್ಟವನು ಏನೋ ತಪ್ಪುಮಾಡಿರಬೇಕೆಂದು ಕೆಲವರೂ, ಅವನಿಗೆ ತಾಳ್ಮೆಯಿಲ್ಲವೆಂದು ಕೆಲವರೂ, ಅನ್ನ ಹೆಚ್ಚಾಯಿತೆಂದು ಕೆಲವರೂ ನುಡಿಯುವರು. ಸೇರುವುದು ಪುರುಷಾರ್ಥವೆಂದೂ ಬಿಡುವುದು ಸೋಲೆಂದೂ ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ಈ ತೀರ್ಮಾನವು ಸರಿಯೇ ಎಂಬುದನ್ನು ಸ್ವಲ್ಪ ಶೋಧಿಸಿ ನೋಡುವುದು ಅನುಚಿತವಾಗಲಾರದು.

ಪ್ರಶ್ನೆಗೆ ಮೊದಲು ಎಲ್ಲೆಯನ್ನು ಹಾಕಿಕೊಳ್ಳೋಣ. ಯಜಮಾನನು ಕಳ್ಳಲೆಕ್ಕವನ್ನು ಬರೆಯೆಂದರೆ, ಲಂಚವನ್ನು ತಂದುಕೊಡೆಂದರೆ, ಅಲ್ಲಿ ವಿಚಾರಕ್ಕೆ ಅವಕಾಶವೇ ಇಲ್ಲ. ಅಂತಹ ಕೆಲಸವನ್ನು ಬಿಡತಕ್ಕದ್ದೆಂಬುದನ್ನು ಮಕ್ಕಳೂ ಹೇಳಬಲ್ಲರು. ಸಂಬಳವನ್ನು ಕೊಡದವನನ್ನು ಬಿಡುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಕಷ್ಟವಾದ ಪ್ರಶ್ನೆ ಬೇರೆ. ಯಜಮಾನನು ಕಳ್ಳನಲ್ಲ, ಸಂಬಳವು ತಿಂಗಳ ಮೊದಲ ದಿನವೇ ಬರುವುದು, ಮಾಡುವ ಕೆಲಸವೂ ಲೋಕಕ್ಕೆ ಉಪಯುಕ್ತವಾದದ್ದೇ. ಆದರೆ ಅವನ ಬೇಡಿಕೆಗೆ ಕೊನೆಯಿಲ್ಲ. ಇಂದು ಮಾಡಿದ್ದು ನಾಳೆಗೆ ಸಾಲದು. ರಾತ್ರಿ ಹತ್ತು ಗಂಟೆಗೆ ಮೊಬೈಲು ಮೊಳಗುವುದು. ರಜೆಯನ್ನು ಕೇಳುವವನು ಭಿಕ್ಷೆ ಬೇಡುವವನಂತೆ ನಿಲ್ಲಬೇಕು. ಹತ್ತು ಜನರ ಎದುರಿನಲ್ಲಿ ಬಿರುನುಡಿ. ಒಳ್ಳೆಯ ಮಾತು ಮಾತ್ರ ಒಬ್ಬರ ಎದುರಿನಲ್ಲಿಯೂ ಇಲ್ಲ. ನೌಕರನಿಗೆ ನಿದ್ರೆ ಕೆಟ್ಟಿತು, ಊಟ ರುಚಿಸದಾಯಿತು, ಭಾನುವಾರದ ಸಾಯಂಕಾಲವೆಂದರೆ ಎದೆಯಲ್ಲಿ ನಡುಕ ಹುಟ್ಟತೊಡಗಿತು. ಅವನು ಇರಬೇಕೋ, ಬಿಡಬೇಕೋ? ಇದು ಬೆಂಗಳೂರಿನ ಕಂಪ್ಯೂಟರ್ ಕಛೇರಿಯಿಂದ ಹಿಡಿದು ಜಿಲ್ಲಾ ಪಟ್ಟಣದ ಖಾಸಗೀ ಶಾಲೆಯ ವರೆಗೆ ಸಾವಿರಾರು ಮನೆಗಳಲ್ಲಿ ದೀಪವಾರಿದ ಮೇಲೆ ನಡೆಯುವ ಚರ್ಚೆ. ಇಲ್ಲಿ ನೌಕರನೆಂದಲ್ಲೆಲ್ಲ ನೌಕರಿಯಲ್ಲಿರುವ ಸ್ತ್ರೀಯರನ್ನೂ ಸೇರಿಸಿ ತಿಳಿಯತಕ್ಕದ್ದು. ಅವರಿಗೆ ಕಛೇರಿಯ ಯಜಮಾನನಲ್ಲದೆ ಮನೆಯ ಕೆಲಸವೂ ಇರುವುದರಿಂದ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾದದ್ದು.

೨

ಕಠಿನನಾದ ಯಜಮಾನನೆಲ್ಲ ಕೆಟ್ಟವನಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಂದು ಸ್ವರವು ತಪ್ಪಿದರೆ ಅದೇ ಸಾಲನ್ನು ನೂರು ಸಲ ಹಾಡಿಸುವ ಸಂಗೀತದ ಗುರುವುಂಟು. ಕೀಲು ಕೂದಲೆಳೆಯಷ್ಟು ಸಡಿಲವಾದರೆ ಬಾಗಿಲನ್ನೇ ಬಿಚ್ಚಿಸಿ ಮತ್ತೆ ಕೂಡಿಸಹೇಳುವ ಬಡಗಿಯುಂಟು. ಇಂತಹವರ ಕೈಕೆಳಗೆ ಬೆವರಿಳಿಸಿದವರೇ ಮುಂದೆ ಅವರನ್ನು ಕೃತಜ್ಞತೆಯಿಂದ ನೆನೆಯುವರು. ಇಲ್ಲಿ ಕಷ್ಟವಿಲ್ಲವೆಂದಲ್ಲ, ಕಷ್ಟಕ್ಕೆ ಅಳತೆಯುಂಟು. ಸ್ವರವು ನೆಲೆಗೊಂಡ ದಿನ ಆ ಪಾಠವು ಮುಗಿಯಿತು. ಬಾಗಿಲು ಸರಿಯಾಗಿ ಕೂತ ಕ್ಷಣ ಬಡಗಿಯ ಕೋಪವೂ ಇಳಿಯಿತು. ಅಳತೆಯು ಶ್ರುತಿಯಲ್ಲಿದೆ, ಮರದಲ್ಲಿದೆ. ಗುರುವೂ ಆ ಅಳತೆಗೆ ಅಧೀನನು. ಮತ್ತೊಂದು ಬಗೆಯ ಯಜಮಾನನಲ್ಲಿ ಅಳತೆಯಿರುವುದು ಅವನ ಮುಖದಲ್ಲಿ. ಅವನು ಪ್ರಸನ್ನನಾಗಿದ್ದರೆ ಕೆಲಸ ಚೆನ್ನಾಯಿತು, ಹುಬ್ಬು ಗಂಟಿಕ್ಕಿದರೆ ಅದೇ ಕೆಲಸ ಕೆಟ್ಟಿತು. ನೌಕರನು ಕೆಲಸವನ್ನು ನೋಡುವುದನ್ನು ಬಿಟ್ಟು ಮುಖವನ್ನು ನೋಡುವುದನ್ನು ಕಲಿಯುವನು. ಹೊರಗಿನಿಂದ ನೋಡುವವರಿಗೆ ಇಬ್ಬರು ಯಜಮಾನರೂ ಒಂದೇ ಬಗೆಯಾಗಿ ಕಾಣುವರು. ಇಬ್ಬರೂ ಬೈಯುವರು, ಇಬ್ಬರೂ ದುಡಿಸುವರು. ಆದರೆ ಒಬ್ಬನ ಬಳಿ ಇದ್ದವನು ಬೆಳೆಯುವನು, ಇನ್ನೊಬ್ಬನ ಬಳಿ ಇದ್ದವನು ಕುಗ್ಗುವನು.

ಈ ಭೇದವನ್ನು ಹೇಳಲು ನಾವು ಬೇರೆಲ್ಲಿಯೂ ಮಾತುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ನುಡಿಯಲ್ಲಿ ಎರಡು ಶಬ್ದಗಳುಂಟು: ಋಣವೆಂಬುದು ಒಂದು, ಹಂಗೆಂಬುದು ಇನ್ನೊಂದು. ಎರಡೂ ಒಬ್ಬನು ಮತ್ತೊಬ್ಬನಿಗೆ ಕಟ್ಟುಬಿದ್ದಿರುವುದನ್ನೇ ಹೇಳುವುವು. ಆದರೆ ಅವುಗಳ ಸ್ವಭಾವ ಬೇರೆ. ಋಣವನ್ನು ತೀರಿಸುತ್ತೇವೆ, ಹಂಗನ್ನು ತೀರಿಸುತ್ತೇವೆಂದು ಯಾರೂ ಹೇಳುವುದಿಲ್ಲ, ಹರಿದುಕೊಳ್ಳುತ್ತೇವೆ, ಇಲ್ಲವೆ ತೊರೆಯುತ್ತೇವೆ. ಏಕೆಂದರೆ ಋಣಕ್ಕೆ ಲೆಕ್ಕವುಂಟು. ಇಷ್ಟು ಕೊಂಡೆ, ಇಷ್ಟು ಕೊಟ್ಟೆ, ಇನ್ನಿಷ್ಟು ಉಳಿಯಿತು ಎಂದು ಬರೆದಿಡಬಹುದು. ಹಂಗಿಗೆ ಲೆಕ್ಕವಿಲ್ಲ. ಎಷ್ಟು ಕೊಟ್ಟರೂ ಅದು ಇದ್ದಷ್ಟೇ ಇರುವುದು. ಹಂಗೆಂಬುದರಿಂದ ಹಂಗಿಸು ಎಂಬ ಕ್ರಿಯಾಪದವೂ ಹುಟ್ಟಿದೆ. ಕೊಟ್ಟದ್ದನ್ನು ಎತ್ತಿ ಆಡಿ ಮನಸ್ಸನ್ನು ನೋಯಿಸುವುದೇ ಅದರ ಅರ್ಥ. ಋಣದಿಂದ ಅಂತಹ ಕ್ರಿಯಾಪದವೊಂದು ಹುಟ್ಟಲಿಲ್ಲ. ನಮ್ಮ ಹಿರಿಯರು ಈ ಎರಡನ್ನೂ ಅನುಭವಿಸಿಯೇ ಬೇರೆ ಬೇರೆ ಹೆಸರುಗಳನ್ನಿಟ್ಟರೆಂದು ತೋರುವುದು.

ನೌಕರಿಯೆಂಬುದು ಸ್ವಭಾವತಃ ಒಂದು ಋಣಸಂಬಂಧ. ಯಜಮಾನನು ಸಂಬಳವನ್ನು ಕೊಡುವನು, ನೌಕರನು ಕೆಲಸವನ್ನು ಕೊಡುವನು. ತಿಂಗಳ ಕೊನೆಗೆ ಇಬ್ಬರ ಲೆಕ್ಕವೂ ಸರಿಹೋಗುವುದು. ಇದರಲ್ಲಿ ಮೇಲು ಕೀಳೆಂಬುದು ಕಾರ್ಯದ ಸೌಕರ್ಯಕ್ಕಾಗಿ ಇರುವುದೇ ಹೊರತು ಮನುಷ್ಯನ ಬೆಲೆಯನ್ನು ಗೊತ್ತುಮಾಡುವುದಕ್ಕಲ್ಲ. ಈ ಋಣವು ಯಾವ ಸ್ಥಳದಲ್ಲಿ ಹಂಗಾಗಿ ತಿರುಗುವುದೋ ಆ ಸ್ಥಳವೇ ನೌಕರಿಯನ್ನು ಬಿಡತಕ್ಕ ಸ್ಥಳ. ಶ್ರಮ ಹೆಚ್ಚಾಯಿತೆಂಬುದು ತಾನೇ ಬಿಡುವುದಕ್ಕೆ ಕಾರಣವಾಗಲಾರದು. ಶ್ರಮ ಕಡಮೆಯೆಂಬುದು ಇರುವುದಕ್ಕೂ ಕಾರಣವಾಗಲಾರದು. ಲೆಕ್ಕವು ಉಳಿದಿದೆಯೇ, ಅಳಿಸಿಹೋಗಿದೆಯೇ ಎಂಬುದೇ ವಿಚಾರಮಾಡತಕ್ಕ ವಿಷಯ.

೩

ಮಹಾಭಾರತದಲ್ಲಿ ಈ ಎರಡು ಬಗೆಯ ಸೇವೆಗೂ ದೃಷ್ಟಾಂತಗಳುಂಟು. ಕುಮಾರವ್ಯಾಸನನ್ನು ಓದಿಸಿ ಕೇಳಿದ ನಾಡಿನವರಿಗೆ ಇವು ಹೊಸವಲ್ಲ. ಆದರೂ ನೌಕರಿಯ ದೃಷ್ಟಿಯಿಂದ ಮತ್ತೊಮ್ಮೆ ನೋಡಬಹುದು. ಪಾಂಡವರು ಅಜ್ಞಾತವಾಸಕ್ಕೆ ವಿರಾಟನಗರಕ್ಕೆ ಹೊರಡುವಾಗ ಪುರೋಹಿತನಾದ ಧೌಮ್ಯನು ಅವರಿಗೆ ರಾಜಸೇವೆಯ ಕ್ರಮವನ್ನು ಉಪದೇಶಿಸುವನು. ಅರಸನ ಆಸನದಲ್ಲಿ ಕೂರಬೇಡಿ, ಅವನ ವಾಹನವನ್ನೇರಬೇಡಿ, ಕೇಳದೆ ಬುದ್ಧಿ ಹೇಳಬೇಡಿ ಎಂಬ ಬಗೆಯ ಮಾತುಗಳವು. ಚಕ್ರವರ್ತಿಯಾಗಿದ್ದವನು ಪಗಡೆಯಾಡಿಸುವ ಕಂಕಭಟ್ಟನಾದನು. ಕೊನೆಗೊಂದು ದಿನ, ಗೋಗ್ರಹಣದಲ್ಲಿ ಗೆದ್ದವನು ಉತ್ತರಕುಮಾರನೆಂದು ವಿರಾಟನು ಹಿಗ್ಗುತ್ತಿರಲು, ಬೃಹನ್ನಳೆ ಜೊತೆಗಿದ್ದ ಮೇಲೆ ಗೆಲವು ಸಹಜವೇ ಎಂದು ಕಂಕನು ಇದ್ದದ್ದನ್ನು ಹೇಳಿದನು. ಯಜಮಾನನಿಗೆ ಅದು ಸೇರಲಿಲ್ಲ. ಕೈಯಲ್ಲಿದ್ದ ದಾಳವನ್ನು ಮುಖಕ್ಕೆ ಎಸೆದನು. ರಕ್ತವು ನೆಲಕ್ಕೆ ಬೀಳದಂತೆ ಸೈರಂಧ್ರಿಯು ಪಾತ್ರೆಯನ್ನೊಡ್ಡಿ ಹಿಡಿದಳು.

ಧರ್ಮರಾಜನು ಇದನ್ನು ಹೇಗೆ ಸಹಿಸಿದನು? ತಾಳ್ಮೆಯಿಂದ ಎಂಬುದು ಸುಲಭವಾದ ಉತ್ತರ. ಆದರೆ ಆ ತಾಳ್ಮೆಯ ಕೆಳಗೆ ಒಂದು ನೆಲಗಟ್ಟು ಇದ್ದಿತು. ಅವನ ಸೇವೆಗೆ ಅವಧಿಯಿದ್ದಿತು. ಒಂದು ವರ್ಷವೆಂದು ಲೆಕ್ಕಹಾಕಿಯೇ ಅವನು ಆ ಬಾಗಿಲನ್ನು ಹೊಕ್ಕಿದ್ದನು. ಅವನ ಮನಸ್ಸಿನಲ್ಲಿ ತಾನು ಯಾರೆಂಬುದು ಒಂದು ಗಳಿಗೆಯಾದರೂ ಮರೆತುಹೋಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದಾಳದ ಏಟು ಬೀಳುವುದೆಂಬುದಕ್ಕಾಗಿ ಅವನು ಸುಳ್ಳನ್ನು ಆಡಲಿಲ್ಲ. ಅಂದಮೇಲೆ ಅದು ಕಷ್ಟದ ಸೇವೆ, ಅವಮಾನದ ಸೇವೆಯೂ ಹೌದು. ಆದರೆ ಹಂಗಿನ ಸೇವೆಯಲ್ಲ.

ಇನ್ನೊಂದು ಕಡೆ ಹಸ್ತಿನಾವತಿಯಲ್ಲಿ ಭೀಷ್ಮನಿದ್ದನು. ಅವನ ಮುಖಕ್ಕೆ ದಾಳವೆಸೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅವನಿಗೆ ಗೌರವವಿದ್ದಿತು, ಆಸನವಿದ್ದಿತು, ಊಟಕ್ಕೆ ಕೊರತೆಯಿರಲಿಲ್ಲ. ಆದರೆ ದ್ರೌಪದಿಯು ಸಭೆಯ ನಡುವೆ ನಿಂತು ನ್ಯಾಯವನ್ನು ಕೇಳಿದಾಗ ಅವನಿಂದ ಹೊರಟದ್ದು ಧರ್ಮವು ಸೂಕ್ಷ್ಮವೆಂಬ ಮಾತು ಮಾತ್ರ. ಆ ಸಭೆಯಲ್ಲಿ ಬಾಯಿಬಿಟ್ಟು ಆಡಿದವನು ವಯಸ್ಸಿನಲ್ಲಿ ಕಿರಿಯನಾದ ವಿಕರ್ಣ; ಮತ್ತು ವಿದುರ. ಮುಂದೆ ಯುದ್ಧವು ಆರಂಭವಾಗುವ ಮುನ್ನ ಧರ್ಮರಾಜನು ಬಂದು ನಮಸ್ಕರಿಸಿದಾಗ ಭೀಷ್ಮನು ತನ್ನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡನು: ಮನುಷ್ಯನು ಅರ್ಥಕ್ಕೆ ದಾಸನು, ಕೌರವರು ತನ್ನನ್ನು ಅದರಿಂದ ಕಟ್ಟಿಹಾಕಿದ್ದಾರೆ ಎಂದು. ದ್ರೋಣನೂ ಕೃಪನೂ ಅದೇ ಮಾತನ್ನಾಡಿದರು. ಲೋಕದಲ್ಲಿ ಇವರಿಗೆ ಸಮನಾದ ಬಿಲ್ಲುಗಾರರಿರಲಿಲ್ಲ. ಹೊರಟುಹೋದರೆ ತಡೆಯಬಲ್ಲವರೂ ಇರಲಿಲ್ಲ. ಆದರೆ ಉಂಡ ಅನ್ನದ ಲೆಕ್ಕವನ್ನು ಅವರು ಎಂದೂ ಹಾಕಿ ನೋಡಲಿಲ್ಲ. ಹಂಗು ಅವರ ತೋಳನ್ನು ಕಟ್ಟಲಿಲ್ಲ, ನಾಲಗೆಯನ್ನು ಕಟ್ಟಿತು.

ನೌಕರಿಯಲ್ಲಿ ಹಂಗನ್ನು ಗುರುತಿಸುವ ಬಗೆ ಇದೇ ಎಂದು ನನ್ನ ಅಭಿಪ್ರಾಯ. ಯಜಮಾನನು ಎಷ್ಟು ಬೈದನೆಂಬುದು ಗುರುತಲ್ಲ. ಅವನ ಎದುರಿನಲ್ಲಿ ‘ಇದು ಹೀಗಲ್ಲ’ ಎಂದಾಗಲಿ ‘ಇದು ನನ್ನಿಂದ ಆಗದು’ ಎಂದಾಗಲಿ ಹೇಳುವ ಶಕ್ತಿಯು ನಮ್ಮಲ್ಲಿ ಉಳಿದಿದೆಯೇ ಎಂಬುದು ಗುರುತು. ಏಟು ತಿಂದ ಕಂಕನಿಗೆ ಆ ಶಕ್ತಿಯಿದ್ದಿತು. ಪೂಜೆ ಪಡೆದ ಭೀಷ್ಮನಿಗೆ ಇರಲಿಲ್ಲ.

೪

ಸ್ವಾಮಿನಿಷ್ಠೆಯೆಂಬುದು ನಮ್ಮ ನಾಡಿನಲ್ಲಿ ಅಲ್ಪವಾದ ಮೌಲ್ಯವಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿರುವುದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನು, ಒಡೆಯನೊಡನೆಯೇ ಬಾಳುವೆನು ಒಡೆಯನೊಡನೆಯೇ ಸಾಯುವೆನೆಂದು ನೋಂತ ಗರುಡನಾಗಿ, ತನ್ನ ಹೆಂಡತಿಯೊಡನೆಯೂ ಅನುಯಾಯಿಗಳೊಡನೆಯೂ ಪ್ರಾಣವನ್ನೊಪ್ಪಿಸಿದ ಸಂಗತಿಯನ್ನು ಆ ಕಂಬವು ಸಾರುವುದು. ನಮಗೆ ಇಂದು ಅದು ಭಯಂಕರವಾಗಿ ತೋರಬಹುದು. ಆದರೆ ಆ ವ್ರತವು ಕೊಡುವವನಿಗೂ ಕೊಳ್ಳುವವನಿಗೂ ತಿಳಿದದ್ದು; ಏನನ್ನು ಕೇಳಲಾಗುತ್ತಿದೆಯೆಂಬುದು ಮೊದಲ ದಿನವೇ ಸ್ಪಷ್ಟ. ಇಂದಿನ ಕಛೇರಿಯ ಯಜಮಾನನು ಗರುಡನ ನಿಷ್ಠೆಯನ್ನು ನಿರೀಕ್ಷಿಸುವನು. ಕೊಡುವುದು ಮಾತ್ರ ತಿಂಗಳ ಸಂಬಳ. ವ್ಯಾಪಾರವು ಇಳಿದರೆ ಅದೇ ಗರುಡನನ್ನು ಒಂದು ಓಲೆಯಿಂದ ಹೊರಕ್ಕೆ ಕಳುಹಿಸುವನು. ಒಂದು ಕಡೆ ವ್ರತ, ಇನ್ನೊಂದು ಕಡೆ ಕರಾರು ಎಂದಾದರೆ ಲೆಕ್ಕವು ಹೇಗೆ ಸರಿಹೋದೀತು?

ಲೆಕ್ಕವನ್ನು ಸರಿಮಾಡುವುದಕ್ಕಾಗಿ ಜನರು ಎಷ್ಟು ಕಾಲ ಪಾಡುಪಟ್ಟರೆಂಬುದನ್ನು ಕಾಯಿದೆಗಳ ಚರಿತ್ರೆಯು ತಿಳಿಸುವುದು. ೧೮೫೯ರಲ್ಲಿ ಬ್ರಿಟಿಷ್ ಸರ್ಕಾರವು ಮಾಡಿದ ಒಂದು ಕಾಯಿದೆಯ ಮೇರೆಗೆ, ಮುಂಗಡ ಹಣವನ್ನು ಪಡೆದ ಕೂಲಿಯಾಳು ಕೆಲಸವನ್ನು ಬಿಟ್ಟರೆ ಅದು ಕೇವಲ ಸಾಲದ ವ್ಯಾಜ್ಯವಾಗಿರಲಿಲ್ಲ. ಹಿಂದಿರುಗಿ ದುಡಿಯೆಂದು ಮ್ಯಾಜಿಸ್ಟ್ರೇಟನು ಆಜ್ಞೆಮಾಡಬಹುದಾಗಿತ್ತು, ಆಜ್ಞೆಯನ್ನು ಮೀರಿದರೆ ಮೂರು ತಿಂಗಳ ವರೆಗೆ ಸೆರೆಮನೆ. ೧೯೨೫ರಲ್ಲಿ ಅದರ ರದ್ದಿಗೆ ಶಾಸನವಾಗುವ ವರೆಗೂ ಕೆಲಸವನ್ನು ಬಿಡುವುದು ಬಡವನ ಪಾಲಿಗೆ ಅಪರಾಧವೇ ಆಗಿದ್ದಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೨೩ನೆಯ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸಿತು. ೧೯೭೬ರಲ್ಲಿ ಜೀತಪದ್ಧತಿಯನ್ನು ತೊಡೆದುಹಾಕುವ ಕಾಯಿದೆಯು ಬಂದಿತು. ಜೀತವೆಂಬ ಶಬ್ದದ ಗತಿಯನ್ನೇ ನೋಡಿರಿ. ಹಳಗನ್ನಡದಲ್ಲಿ ಅದು ಜೀವನಕ್ಕಾಗಿ ಪಡೆಯುವ ಸಂಬಳದ ಹೆಸರು. ಕಾಲಕ್ರಮದಲ್ಲಿ ಬಿಡಲಾರದ ದಾಸ್ಯದ ಹೆಸರಾಯಿತು. ಋಣವು ಹಂಗಾಗಿ ತಿರುಗುವ ಕಥೆಯೆಲ್ಲವೂ ಈ ಒಂದು ಶಬ್ದದಲ್ಲಿಯೇ ಅಡಗಿದೆ.

ಇಂದಿನ ನ್ಯಾಯವು ನೌಕರಿಯನ್ನು ಋಣವೆಂದೇ ಎಣಿಸುವುದು. ಒಬ್ಬನ ಕೈಕೆಳಗೆ ಸೇವೆಮಾಡೆಂದು ಇನ್ನೊಬ್ಬನನ್ನು ನ್ಯಾಯಸ್ಥಾನವು ಬಲಾತ್ಕರಿಸುವುದಿಲ್ಲ. ಕರಾರು ಮುರಿದದ್ದರಿಂದ ನಷ್ಟವಾಗಿದ್ದರೆ ಹಣದ ಪರಿಹಾರವನ್ನು ಮಾತ್ರ ವಿಧಿಸುವುದು. ಮೂರು ವರ್ಷ ಮುಗಿಯುವ ಮೊದಲೇ ಕೆಲಸವನ್ನು ಬಿಟ್ಟರೆ ೨ ಲಕ್ಷ ರೂಪಾಯಿಗಳನ್ನು ತೆರಬೇಕೆಂದು ಸರ್ಕಾರೀ ಬ್ಯಾಂಕೊಂದು ತನ್ನ ಅಧಿಕಾರಿಗಳಿಗೆ ವಿಧಿಸಿದ್ದ ಕರಾರನ್ನು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಇದು ಯಜಮಾನನಿಗೆ ಸಂದ ಜಯವೆಂದು ಹಲವರು ಭಾವಿಸಬಹುದು. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಅದು ಬಿಡುಗಡೆಯ ಬೆಲೆಯನ್ನು ಅಂಕಿಯಲ್ಲಿ ಬರೆದುಕೊಟ್ಟ ಪತ್ರ. ಅಷ್ಟನ್ನು ತೆತ್ತವನು ತಲೆಯೆತ್ತಿಕೊಂಡು ಹೊರಡಬಹುದು. ಭೀಷ್ಮನಿಗೆ ಅಂತಹ ಪತ್ರವನ್ನು ಯಾರೂ ಬರೆದುಕೊಡಲಿಲ್ಲ.

ದೇಹವೂ ತನ್ನ ಲೆಕ್ಕವನ್ನು ಇಟ್ಟಿರುವುದು. ೧೯೪೮ರ ಕಾರ್ಖಾನೆ ಕಾಯಿದೆಯು ವಯಸ್ಕ ಕಾರ್ಮಿಕನ ದುಡಿಮೆಗೆ ವಾರಕ್ಕೆ ೪೮ ಗಂಟೆಗಳ ಎಲ್ಲೆಯನ್ನು ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ ೫೫ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಭಯವು ನೂರಕ್ಕೆ ೩೫ರಷ್ಟೂ, ಹೃದಯದ ರಕ್ತನಾಳಗಳ ರೋಗದಿಂದ ಮರಣದ ಭಯವು ನೂರಕ್ಕೆ ೧೭ರಷ್ಟೂ ಅಧಿಕ. ದೀರ್ಘಕಾಲದ ದುಡಿಮೆಯಿಂದ ೨೦೧೬ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ೭,೪೫,೦೦೦ ಜನರು ಇಂತಹ ರೋಗಗಳಿಂದ ಮಡಿದರೆಂದು ಅವರು ಎಣಿಸಿದರು. ಯಜಮಾನನು ಲೆಕ್ಕವಿಡದಿದ್ದರೂ ನಾಡಿಯು ಇಡುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

೫

ಈ ಅಭಿಪ್ರಾಯಕ್ಕೆ ಆಕ್ಷೇಪಣೆಗಳು ಬಾರದಿರವು. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಮೊದಲನೆಯದು. ನಿಜ, ಎರಡು ಬಗೆಯಬಾರದು. ಆದರೆ ಬಿಟ್ಟುಹೋಗುವುದು ಎರಡು ಬಗೆಯುವುದಲ್ಲ. ಒಳಗೊಳಗೇ ಶಪಿಸುತ್ತ, ಅರ್ಧ ಮನಸ್ಸಿನಿಂದ ದುಡಿಯುತ್ತ, ಯಜಮಾನನ ಹಾನಿಗೆ ಹಿಗ್ಗುತ್ತ ಇರುವುದೇ ನಿಜವಾಗಿ ಎರಡು ಬಗೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಉದ್ಯೋಗದಿಂದುಂಟಾಗುವ ಬಳಲಿಕೆಯ ಲಕ್ಷಣವನ್ನು ನಿರೂಪಿಸುವಾಗ ಮೂರು ಅಂಗಗಳನ್ನು ಹೇಳಿತು: ಶಕ್ತಿಯು ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರಲ್ಲಿ ತಿರಸ್ಕಾರ ಹುಟ್ಟುವುದು, ಕೆಲಸದ ಗುಣವು ಕುಗ್ಗುವುದು. ಈ ಸ್ಥಿತಿಗೆ ಬಂದವನು ಸ್ಥಾನದಲ್ಲಿ ಕುಳಿತಿದ್ದರೂ ಕೆಲಸವನ್ನು ಆಗಲೇ ಬಿಟ್ಟಿರುವನು. ಸಂಬಳವನ್ನು ಪಡೆದು ಮನಸ್ಸನ್ನು ಕೊಡದಿರುವುದಕ್ಕಿಂತ ಎರಡನ್ನೂ ಹಿಂದಕ್ಕೆ ಕೊಟ್ಟು ಹೊರಡುವುದು ಪ್ರಾಮಾಣಿಕತೆಯಲ್ಲವೆ?

ಸಹಿಸುವವನೇ ಧೀರನು, ಬಿಡುವವನು ಹೇಡಿಯೆಂಬುದು ಎರಡನೆಯದು. ಸಹನೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಹಿಸಿದವನು ತಾನು ಸಹಿಸಿದ್ದನ್ನು ಏನುಮಾಡಿದನೆಂಬುದನ್ನೂ ಕೇಳಬೇಕು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮೇಲಿನವನ ಬಿರುನುಡಿಯನ್ನು ನಗುಮುಖದಿಂದ ಕೇಳಿಬಂದವನು ಕೆಳಗಿನ ಗುಮಾಸ್ತನನ್ನು ಅದೇ ನುಡಿಯಿಂದ ಚುಚ್ಚುವನು. ಅಲ್ಲಿ ಆಗದಿದ್ದರೆ ಮನೆಗೆ ಬಂದು ಮಗುವು ಲೋಟ ಬೀಳಿಸಿದ್ದಕ್ಕೆ ಕೈಯೆತ್ತುವನು. ಅಂತಹವನ ಸಹನೆಯು ಸಹನೆಯಲ್ಲ, ಸಾಗಾಟ. ಮೇಲಿನಿಂದ ಬಂದ ಹೊರೆಯನ್ನು ಕೆಳಗಿನವರ ತಲೆಗೆ ದಾಟಿಸಿದನಷ್ಟೆ. ಬೇಡಿಕೆಗೆ ಕೊನೆಯಿಲ್ಲದ ಯಜಮಾನನೂ ಬಹುಮಟ್ಟಿಗೆ ಇಂತಹ ಸಾಗಾಟದವನೇ. ಅವನ ಮೇಲೆಯೂ ಒಬ್ಬನು ಕುಳಿತು ಅಳತೆಯಿಲ್ಲದೆ ಕೇಳುತ್ತಿರುವನು. ಅವನ ವಿಷಯದಲ್ಲಿ ಕನಿಕರಪಡುವುದು ಧರ್ಮ. ಆದರೆ ಆ ಸರಪಣಿಯಲ್ಲಿ ಇನ್ನೊಂದು ಕೊಂಡಿಯಾಗುವುದು ಧರ್ಮವಲ್ಲ. ತನ್ನಲ್ಲಿಗೆ ಬಂದದ್ದನ್ನು ತನ್ನಲ್ಲಿಯೇ ನಿಲ್ಲಿಸಬಲ್ಲವನು ಇರಲಿ, ನಿಲ್ಲಿಸಲಾರದವನು ಹೊರಡಲಿ.

ಮೂರನೆಯ ಆಕ್ಷೇಪಣೆಯು ಇವೆರಡಕ್ಕಿಂತಲೂ ಭಾರವಾದದ್ದು. ಅದಕ್ಕೆ ಪೂರ್ಣವಾದ ಉತ್ತರವಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ‘ಹೆಂಡತಿ ಮಕ್ಕಳಿಲ್ಲವೆ? ತಂದೆಯ ಔಷಧಕ್ಕೆ ಹಣವೆಲ್ಲಿಂದ? ಮನೆಯ ಸಾಲದ ಕಂತನ್ನು ಯಾರು ಕಟ್ಟುವರು?’ ಒಬ್ಬರ ದುಡಿಮೆಯಿಂದ ಐವರು ಉಣ್ಣುವ ಮನೆಯಲ್ಲಿ ಬಿಡುವುದೆಂಬುದು ಒಬ್ಬನ ಸ್ವಾತಂತ್ರ್ಯದ ವಿಷಯವಲ್ಲ. ಅಂತಹವನು ಇದ್ದು ಸಹಿಸಿದರೆ ಅವನನ್ನು ಅಳುಕಿನವನೆನ್ನಲು ನಮಗೆ ಅಧಿಕಾರವಿಲ್ಲ. ಬೇರೆ ಅನ್ನಕ್ಕೆ ದಾರಿಯಿರುವವನ ತ್ಯಾಗವನ್ನು ಹೊಗಳಿ, ದಾರಿಯಿಲ್ಲದವನ ಸಹನೆಯನ್ನು ಹಳಿಯುವುದು ನೀತಿಯಲ್ಲ. ಆದರೆ ಅಂತಹವನೂ ಒಂದನ್ನು ಮಾಡಬಹುದು: ತಾನಿರುವುದಕ್ಕೆ ಅವಧಿಯನ್ನು ಹಾಕಿಕೊಳ್ಳಬಹುದು. ಮಗಳ ಓದು ಮುಗಿಯುವ ವರೆಗೆ, ಸಾಲದ ಇಷ್ಟು ಕಂತುಗಳು ತೀರುವ ವರೆಗೆ ಎಂದು ಮನಸ್ಸಿನಲ್ಲಿ ಗೆರೆಯೆಳೆದ ದಿನವೇ ಹಂಗಿನ ಸೇವೆಯು ಕಂಕಭಟ್ಟನ ಸೇವೆಯಾಗುವುದು. ಏಟು ನಿಲ್ಲಲಿಕ್ಕಿಲ್ಲ; ಆದರೆ ಏಟು ತಿನ್ನುವವನು ಬದಲಾಗುವನು.

ಇನ್ನೊಂದು ಎಚ್ಚರಿಕೆಯೂ ಉಂಟು. ಹಂಗನ್ನು ಯಜಮಾನನೊಬ್ಬನೇ ಹಾಕುವುದಿಲ್ಲ. ಅನೇಕವೇಳೆ ನಾವೇ ಹಾಕಿಸಿಕೊಳ್ಳುತ್ತೇವೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮನು ಅದನ್ನು ಅಲ್ಲಿಯೇ ಚೆಲ್ಲಿಬರುವಂತೆ ಹಿಂದಕ್ಕೆ ಕಳುಹಿಸಿದಳು. ಇದನ್ನು ನಾವು ವೈರಾಗ್ಯದ ಕಥೆಯೆಂದು ಓದುತ್ತೇವೆ. ಇದು ಸ್ವಾತಂತ್ರ್ಯದ ಕಥೆಯೂ ಹೌದು. ಇಂದು ಸಂಬಳವು ಏರಿದ ಮರುದಿನವೇ ಅದಕ್ಕೆ ತಕ್ಕಂತೆ ದೊಡ್ಡ ಮನೆ, ದೊಡ್ಡ ಬಂಡಿ, ದೊಡ್ಡ ಕಂತು ಏರುವುವು. ಆಮೇಲೆ ಯಜಮಾನನು ಏನೇ ಹೇಳಿದರೂ ಇಲ್ಲವೆನ್ನಲು ಬಾಯಿಬರದು. ಏರಿದ ಸಂಬಳದಲ್ಲಿ ಒಂದು ಭಾಗವನ್ನು ‘ಇಲ್ಲ’ವೆಂಬ ಮಾತಿಗಾಗಿ ಎತ್ತಿಡಬೇಕು. ಆರು ತಿಂಗಳ ಅಕ್ಕಿಬೇಳೆಗೆ ಸಾಕಾಗುವ ಹಣವು ಪೆಟ್ಟಿಗೆಯಲ್ಲಿದ್ದವನು ಪ್ರಾಯಶಃ ಕೆಲಸವನ್ನು ಬಿಡಬೇಕಾಗಿಯೇ ಬರುವುದಿಲ್ಲ. ಅವನ ನಾಲಗೆಯು ನೆಟ್ಟಗಿರುವುದರಿಂದ ಯಜಮಾನನೂ ಒಂದು ಎಲ್ಲೆಯಲ್ಲಿ ನಿಲ್ಲುವನು.

೬

ಬಿಡುವುದೇ ಸರಿಯೆಂದು ನಿಶ್ಚಯವಾದರೆ ಬಿಡುವ ರೀತಿಯೂ ಋಣಧರ್ಮಕ್ಕೆ ಒಪ್ಪುವಂತಿರಬೇಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಮೇಲೆ ಬಾರದೆಂಬುದು ಹಿರಿಯರ ಮಾತು. ಬೈಗುಳವು ಕಿವಿಯಲ್ಲಿ ಮೊಳಗುತ್ತಿರುವಾಗ ರಾಜೀನಾಮೆಯನ್ನು ಬರೆಯಬಾರದು. ಒಂದು ಶಾಂತವಾದ ದಿನದಲ್ಲಿಯೂ ಮನಸ್ಸು ಅದನ್ನೇ ಹೇಳಿದರೆ ಬರೆಯಬೇಕು. ಬರೆಯುವ ಮೊದಲು ಒಂದು ಸಲ ಯಜಮಾನನ ಎದುರಿನಲ್ಲಿ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಬೇಕು. ಅವನು ತನ್ನನ್ನು ತಿದ್ದಿಕೊಳ್ಳಲು ಅವಕಾಶವನ್ನು ಕೊಡದೆ ಹೊರಡುವುದು ನ್ಯಾಯವಲ್ಲ. ಗೊತ್ತಾದ ಅವಧಿಯ ಸೂಚನೆಯನ್ನು ಕೊಟ್ಟು, ಕಡತಗಳನ್ನು ಒಪ್ಪಿಸಿ, ಮುಂದೆ ಬರುವವನಿಗೆ ತಿಳಿಯುವಂತೆ ಬರೆದಿಟ್ಟು ಹೊರಡಬೇಕು. ಉಳಿದುಕೊಂಡ ಜೊತೆಗಾರರ ಮೇಲೆ ತನ್ನ ಹೊರೆಯು ಬೀಳುವುದನ್ನು ಪೂರ್ತಿಯಾಗಿ ತಪ್ಪಿಸಲು ಸಾಧ್ಯವಿಲ್ಲ; ಕೈಲಾದಷ್ಟು ಹಗುರಮಾಡಬಹುದು. ಹೋದಲ್ಲೆಲ್ಲ ಹಳೆಯ ಯಜಮಾನನ ಕಥೆಯನ್ನೇ ಹೇಳುತ್ತಿರುವವನು ಇನ್ನೂ ಅವನನ್ನು ಬಿಟ್ಟಿಲ್ಲವೆಂದೇ ತಿಳಿಯಬೇಕು.

ನಮ್ಮ ನಾಡಿನಲ್ಲಿ ಬಿಡುವುದಕ್ಕೆ ಒಂದು ದೊಡ್ಡ ದೃಷ್ಟಾಂತವು ಸರ್ ಎಂ. ವಿಶ್ವೇಶ್ವರಯ್ಯನವರದು. ೧೯೧೨ರಿಂದ ಮೈಸೂರಿನ ದಿವಾನರಾಗಿದ್ದ ಅವರು ೧೯೧೮ರಲ್ಲಿ ರಾಜೀನಾಮೆಯನ್ನು ಒಪ್ಪಿಸಿದರು. ಹಿಂದುಳಿದ ವರ್ಗಗಳಿಗೆ ಸರ್ಕಾರೀ ಕೆಲಸಗಳಲ್ಲಿ ವಿಶೇಷಾವಕಾಶವನ್ನು ಕಲ್ಪಿಸುವ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅವರಿಗೂ ಅಭಿಪ್ರಾಯಭೇದವಿದ್ದಿತು. ಅದೇ ವರ್ಷ ಮಿಲ್ಲರ್ ಸಮಿತಿಯು ನೇಮಕವಾಯಿತು. ಆ ಭೇದದಲ್ಲಿ ಮಹಾರಾಜರ ಪಕ್ಷವೇ ನ್ಯಾಯವಾದದ್ದೆಂದು ಇಂದು ಅನೇಕರು ಭಾವಿಸುವರು. ನನಗೂ ಹಾಗೆಯೇ ತೋರುವುದು. ಆದುದರಿಂದ ಬಿಟ್ಟವನು ಬಿಟ್ಟಮಾತ್ರಕ್ಕೆ ಸತ್ಯವಂತನಾಗುವುದಿಲ್ಲವೆಂಬುದನ್ನೂ ಇಲ್ಲಿಯೇ ಕಲಿಯಬಹುದು. ಆದರೆ ಬಿಟ್ಟ ರೀತಿಯನ್ನು ನೋಡಿರಿ. ತಮಗೆ ಒಪ್ಪದ ನೀತಿಯನ್ನು ಮೇಲೆ ಹೊಗಳುತ್ತ ಒಳಗೆ ಕೆಡಿಸುತ್ತ ಸ್ಥಾನದಲ್ಲಿ ಉಳಿಯಲಿಲ್ಲ; ಹೊರಟುಬಂದರು. ಹೊರಟ ಮೇಲೆ ಹಗೆಯನ್ನೂ ಸಾಧಿಸಲಿಲ್ಲ. ೧೯೨೩ರಿಂದ ೧೯೨೯ರ ವರೆಗೆ ಅದೇ ಸಂಸ್ಥಾನದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿ ದುಡಿದರು. ಸ್ಥಾನವನ್ನು ಬಿಟ್ಟರು, ಕಾರ್ಯವನ್ನು ಬಿಡಲಿಲ್ಲ. ಋಣವು ಉಳಿದಿದ್ದುದರಿಂದ ತಿರುಗಿ ಬರುವುದಕ್ಕೆ ದಾರಿಯೂ ಉಳಿದಿದ್ದಿತು. ಹಂಗಾಗಿದ್ದರೆ ಬರುವ ದಾರಿಯೇ ಮುಚ್ಚಿಹೋಗುತ್ತಿದ್ದಿತು.

ಎಲ್ಲರೂ ದಿವಾನರಲ್ಲ. ಎಲ್ಲರ ರಾಜೀನಾಮೆಯೂ ಚರಿತ್ರೆಗೆ ಸೇರುವುದಿಲ್ಲ. ಆದರೆ ಸಣ್ಣ ಕಛೇರಿಯ ಸಣ್ಣ ನೌಕರನೂ ತನ್ನ ಮನಸ್ಸನ್ನು ಕೇಳಿಕೊಳ್ಳಬಹುದಾದ ಪ್ರಶ್ನೆಗಳು ಇವೇ: ನನ್ನಿಂದ ಕೇಳುವುದಕ್ಕೆ ಇಲ್ಲಿ ಅಳತೆಯುಂಟೆ? ಅಳತೆ ಮೀರಿದಾಗ ಇಲ್ಲವೆನ್ನಲು ನನಗೆ ಬಾಯುಂಟೆ? ನಾನು ಪಡೆದ ನೋವು ನನ್ನಿಂದ ಕೆಳಗಿಳಿದು ಬೇರೆಯವರನ್ನು 
ತಟ್ಟುತ್ತಿದೆಯೆ? ಮೊದಲೆರಡಕ್ಕೆ ಉಂಟೆಂದೂ ಕೊನೆಯದಕ್ಕೆ ಇಲ್ಲವೆಂದೂ ಉತ್ತರ ಬಂದರೆ, ಯಜಮಾನನು ಎಷ್ಟೇ ಕಠಿನನಾಗಿದ್ದರೂ ಅಲ್ಲಿರುವುದರಲ್ಲಿ ಕುಂದಿಲ್ಲ. ಅದು ಕಲಿಯುವ ಕಾಲವೂ ಆಗಬಹುದು. ಉತ್ತರವು ತಿರುವುಮುರುವಾದರೆ ಹೊರಡುವ ದಿನವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಆ ದಿನವು ನಾಳೆಯಾದರೂ ಆಗಲಿ, ಮೂರು ವರ್ಷಗಳಾಚೆಯಾದರೂ ಆಗಲಿ. ಅಂತಹವನು ಕೆಲಸವನ್ನು ಬಿಟ್ಟು ಮನೆಗೆ ಬಂದ ಸಾಯಂಕಾಲ ಮನೆಯವರು ಬಾಗಿಲನ್ನು ಮುಂದಕ್ಕೆಳೆದುಕೊಳ್ಳಬೇಕಾಗಿಲ್ಲ. ನೆಂಟರು ಕೇಳಿದರೆ ‘ಅಲ್ಲಿಯ ಋಣ ತೀರಿತು’ ಎಂದು ಹೇಳಿದರೆ ಸಾಕು; ನಮ್ಮ ನುಡಿಯಲ್ಲಿ ಆ ಮಾತಿನಲ್ಲಿ ನಾಚಿಕೆಯೂ ಇಲ್ಲ, ಹಗೆಯೂ ಇಲ್ಲ.